ಐತೆ ಪದಕದ ಮಹಜರು

ನಾನು ನಿಂತಿದ್ದದ್ದು ರಂಗದ ಎಡಬದಿಯಲ್ಲಿ, ಪರದೆ ಎಳೆಯುವ ಹಗ್ಗದ ಪಕ್ಕ. ನನ್ನ ಪೂರ್ವಕ್ಕೆ ರಂಗ, ಪಶ್ಚಿಮಕ್ಕೆ ಸ್ಟೋರ್ ರೂಮಿನ ಬಾಗಿಲು, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಹಸಿರು ಪರದೆ, ಪರದೆಯಾಚೆ ಜನ. ಹೊತ್ತು ಮಧ್ಯಾಹ್ನ ಮೂರೂ ಮುಕ್ಕಾಲು. ಶನಿವಾರ. ಡಿಸೆಂಬರ್ ತಿಂಗಳು, ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ. ಸ್ಥಳ ಅರಸೀಕೆರೆಯ ರೈಲು ನಿಲ್ದಾಣದ ಹತ್ತಿರವಿದ್ದ ಪುಟ್ಟ ಕ್ಯಾಥೊಲಿಕ್ ಶಾಲೆಯ ಸಭಾಂಗಣ. ಸಭಾಂಗಣ ಎಂದರೆ ಎರಡು ತರಗತಿಗಳ ನಡುವಿನ ಮರದ ತಡಿಕೆ ಕಿತ್ತಿಟ್ಟರೆ ಉಂಟಾಗುತ್ತಿದ್ದ ಜಾಗ.

ಹೀಗೆ ನಾಲ್ಕು ದಿಕ್ಕು ಹೇಳಿ ಶುರುಮಾಡುವುದು ನನ್ನ ಹೊಟ್ಟೆಪಾಡಿನ ಚಾಳಿ. ಜಮೀನು ಅಳೆಯುವವನು ನಾನು. ಮಹಜರು ಬರೆದು ಬರೆದು ಕೈ ಹಾಗೇ ಓಡುತ್ತದೆ. ಸ್ಥಳದಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದು, ಕೊನೆಗೆ ಕಂಡವರ ಸಹಿ ಹಾಕಿಸುವ ಕಾಗದಕ್ಕೆ ನಮ್ಮಲ್ಲಿ ಮಹಜರು ಎನ್ನುತ್ತಾರೆ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೂ ನಾನು ಮಹಜರಿನ ಧಾಟಿಯಲ್ಲೇ ಹೇಳುತ್ತೇನೆಂದು ಹೆಂಡತಿಯ ದೂರು. ಇರಲಿ. ಈ ಒಂದು ಸಂಗತಿಯನ್ನಾದರೂ ಆ ಧಾಟಿಯಲ್ಲಿ ಹೇಳದೆ ನನಗೆ ಗತಿಯಿಲ್ಲ. ಯಾಕೆಂದರೆ ನನ್ನನ್ನು ಸಾಕ್ಷಿ ಹೇಳಲು ಕರೆದಿದ್ದಾರೆ.

ಕರೆದವರು ಸುದರ್ಶನಣ್ಣ. ನಮಗಿಂತ ಒಂದೇ ವರ್ಷ ದೊಡ್ಡವರು. ಆದರೆ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರನ್ನು 'ಅಣ್ಣ' ಎನ್ನದೆ ಮಾತಾಡಿಸುವಂತಿರಲಿಲ್ಲ. ಆ ಒಂದು ವರ್ಷದ ಹಿರಿತನವನ್ನು ಅವರು ಇವತ್ತಿನ ತನಕ ಹಾಳಾಗದಂತೆ ಕಾಪಾಡಿಕೊಂಡು ಬಂದಿದ್ದಾರೆ. ಈಗ ಬೇಲೂರಿನಲ್ಲಿ ವಾಸ. ಹೆಗಲಿಗೊಂದು ಕೆಂಪಂಚಿನ ವಸ್ತ್ರ ಹಾಕಿಕೊಂಡು ಸಭೆಗಳಲ್ಲಿ 'ನಮ್ಮ ಅವ್ವಂದಿರ ನುಡಿ' ಎಂಬ ವಿಷಯದ ಮೇಲೆ ಮಾತಾಡುತ್ತಾರೆ. ಹೋದ ತಿಂಗಳು ಬೇಲೂರಿನ ಒಂದು ಸಭೆಯಲ್ಲಿ ನಾನೂ ಮೂರನೆಯ ಸಾಲಿನಲ್ಲಿ ಕೂತು ಕೇಳಿದೆ. "ಐತೆ ಅನ್ನೋ ಮಾತ್ನಾಗೆ ನಮ್ ಮಣ್ಣಿನ ವಾಸ್ನೆ ಐತೆ ಕಣ್ರಪ್ಪ!" ಎಂದರು. ಚಪ್ಪಾಳೆ ಬಿತ್ತು. ಅವರ ತಾಯಿ ಹೆಣ್ಣುಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದವರು. ಆಕೆ ಜೀವಮಾನದಲ್ಲಿ ಒಮ್ಮೆಯಾದರೂ 'ಐತೆ' ಎಂದಿದ್ದರೆ ನನ್ನ ಅಳತೆಯ ಸರಪಳಿ ನುಂಗುತ್ತೇನೆ.

ಸಭೆ ಮುಗಿದ ಮೇಲೆ ಸುದರ್ಶನಣ್ಣ ನನ್ನ ಭುಜ ಹಿಡಿದು, ಶಾಲೆಯ ಹಳೆಯ ವಿದ್ಯಾರ್ಥಿಗಳ ನೆನಪಿನ ಪುಸ್ತಕ ಬರುತ್ತಿದೆ, ಅದಕ್ಕೆ ತಾವೊಂದು ಲೇಖನ ಬರೆದಾಗಿದೆ, ಕೆಳಗೆ ನನ್ನದೊಂದು ಸಾಲು ಬೇಕು ಎಂದರು. "ನೀನು ಆಗ ಕನ್ನಡ ಸಂಘದ ಕಾರ್ಯದರ್ಶಿ. ಕಂಡಿದ್ದೇನೆ ಅಂತ ಒಂದು ಸಾಲು. ಅಷ್ಟೇ. ನೀನು ಎಷ್ಟೆಂದರೂ ಸರ್ಕಾರಿ ಸಾಕ್ಷಿ!" ಎಂದು ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ಲೇಖನ ಅಂದೇ ಸಂಜೆ ಫೋನಿಗೆ ಬಂತು. ಶೀರ್ಷಿಕೆ 'ನಾನು ರಂಗಕ್ಕೆ ತಂದ ಐತೆ'. ಅದರಲ್ಲಿ ಹೀಗಿದೆ: ಶಿಷ್ಟ ಕನ್ನಡದ ದಬ್ಬಾಳಿಕೆಯನ್ನು ಮುರಿಯಬೇಕೆಂದು ಆ ಎಳೆಯ ವಯಸ್ಸಿನಲ್ಲೇ ತಮಗನ್ನಿಸಿತಂತೆ. ಅದಕ್ಕಾಗಿ ತಾವು ಬರೆದ ನಾಟಕದಲ್ಲಿ ದ್ವಾರಪಾಲಕನ ಬಾಯಿಗೆ ಬೇಕೆಂದೇ ಹಳ್ಳಿಯ ಮಾತು ಕೊಟ್ಟರಂತೆ. ಆ ಪಾತ್ರ ಮಾಡಿದ ಕಣಕಟ್ಟೆಯ ಹುಡುಗ ರಂಗಸ್ವಾಮಿ ಮಂದಬುದ್ಧಿಯವನಾದ್ದರಿಂದ ಆ ಒಂದು ಸಾಲು ಕಲಿಸಲು ಇಪ್ಪತ್ತು ದಿನ ಹಿಡಿಯಿತಂತೆ.

ನಾನು ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ.

ನಮ್ಮದು ಚಿಕ್ಕ ಶಾಲೆ; ಸಂಘಗಳು ಮಾತ್ರ ಧಾರಾಳವಾಗಿದ್ದವು. ವಿಜ್ಞಾನ ಸಂಘದ ಒಟ್ಟು ಆಸ್ತಿ ಬಾಟಲಿಯಲ್ಲಿ ತೇಲುವ ಒಂದು ಕಪ್ಪೆ. ಅದನ್ನು ಪ್ರತಿ ವರ್ಷ ಉದ್ಘಾಟಿಸುತ್ತಿದ್ದರು. ತೋಟಗಾರಿಕೆ ಸಂಘವೆಂದರೆ ಹಿರಿಯರು ನೆರಳಲ್ಲಿ ನಿಂತು ಕಿರಿಯರ ಕೈಯಲ್ಲಿ ಹುಲ್ಲು ಕೀಳಿಸುವ ಏರ್ಪಾಟು. ಕನ್ನಡ ಸಂಘ ಇವೆಲ್ಲಕ್ಕಿಂತ ಘನವಾದದ್ದು. ಮೂರು ಸಂಘಗಳಿಗೂ ಸುದರ್ಶನಣ್ಣನೇ ಅಧ್ಯಕ್ಷ. ನನ್ನ ಅಕ್ಷರ ದುಂಡಗಿತ್ತೆಂದು ನಾನು ಕಾರ್ಯದರ್ಶಿ. ಬುದ್ಧಿಯೂ ದುಂಡಗಿತ್ತು, ಯಾವ ಕಡೆ ತಳ್ಳಿದರೆ ಆ ಕಡೆ ಉರುಳುತ್ತಿತ್ತು.

ಕನ್ನಡ ಸಂಘದ ಮುಖ್ಯ ಕಾರ್ಯಕ್ರಮ 'ಐತೆ ಪದಕ'. ಅಂಗೈಯಗಲದ ರಟ್ಟಿನ ಮೇಲೆ 'ಐತೆ' ಎಂದು ಬರೆದು ದಾರ ಕಟ್ಟಿತ್ತು. ಶಾಲೆಯ ಗೇಟಿನೊಳಗೆ ಯಾರು 'ಇದೆ' ಎನ್ನುವ ಬದಲು 'ಐತೆ' ಎಂದರೋ ಅವರ ಕೊರಳಿಗೆ ಅದು ಬೀಳುತ್ತಿತ್ತು. ಇನ್ನೊಬ್ಬ ಬಾಯಿ ತಪ್ಪುವ ತನಕ ಅದನ್ನು ಹಾಕಿಕೊಂಡೇ ಇರಬೇಕು. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿರುತ್ತದೋ ಅವನು ಸಭಾಂಗಣ ಗುಡಿಸಬೇಕು. ಹಾರನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಬಸ್ಸಿನೊಳಗೆ 'ಐತೆ', ಗೇಟಿನೊಳಗೆ 'ಇದೆ' ಎಂದು ನಾಲಿಗೆಯನ್ನು ಎರಡು ಪಾಲು ಮಾಡಿಕೊಂಡಿದ್ದೆ. ಹಳ್ಳಿಯ ಕೆಲವು ಹುಡುಗರು ಹೆದರಿ ಕ್ರಿಯಾಪದವನ್ನೇ ಬಿಟ್ಟುಬಿಟ್ಟಿದ್ದರು. "ಸಾರ್, ಹೊಟ್ಟೆನೋವು," ಎಂದು ನಿಲ್ಲಿಸಿ, ಉಳಿದದ್ದನ್ನು ಮುಖದಲ್ಲೇ ಹೇಳುತ್ತಿದ್ದರು.

ಇದರಲ್ಲೊಂದು ಸ್ವಾರಸ್ಯವಿತ್ತು. ನಮ್ಮ ಹೆಡ್‌ಮಾಸ್ಟರ್ ಫಾದರ್ ಮಂಗಳೂರು ಕಡೆಯವರು. ಅವರಿಗೆ ಲೋಕದಲ್ಲಿ ಯಾವುದೂ 'ಇದೆ' ಆಗಿರಲಿಲ್ಲ, ಎಲ್ಲವೂ 'ಉಂಟು'. "ಇವತ್ತು ಪಾಠ ಉಂಟು, ನಾಳೆ ರಜೆ ಉಂಟು." ಅವರ ಕೊರಳಿಗೆ ರಟ್ಟು ಕಟ್ಟುವವರು ಯಾರು? ಒಮ್ಮೆ ನಾನು ಕೇಳಿಯೇಬಿಟ್ಟೆ. ಸುದರ್ಶನಣ್ಣ ಕಣ್ಣು ಅರೆಮುಚ್ಚಿ, "ಉಂಟು ಎಂಬುದು ಹಳಗನ್ನಡದ ಕಡೆಯದು. ಐತೆ ಎಂಬುದು ಕೊಟ್ಟಿಗೆಯ ಕಡೆಯದು. ಬರೆದುಕೊ," ಎಂದರು. ನಾನು ಬರೆದುಕೊಂಡೆ. ರಟ್ಟಿನ ಮೇಲಿನ ಅಕ್ಷರವೂ ನನ್ನದೇ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ನು ನಾಟಕ. ಆ ವರ್ಷ ಶಾಲೆಯವರು ನಮ್ಮನ್ನು ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ವಾಪಸು ಬರುವಾಗ ಮಾದಿಹಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಿತು. ನಾವೆಲ್ಲ ಗದ್ದೆ ಬದುವಿನ ಮೇಲೆ ಓಡಾಡುತ್ತಿದ್ದರೆ ಸುದರ್ಶನಣ್ಣ ಒಂದು ಕಲ್ಲಿನ ಮೇಲೆ ಕೂತು ರಾಜನ ನಾಟಕ ಬರೆದರು. ಬಸ್ಸು ಬೇಗ ರಿಪೇರಿಯಾಗಿದ್ದರೆ ನಾಟಕ ಇನ್ನೂ ಚಿಕ್ಕದಾಗುತ್ತಿತ್ತು. ಮೊದಲಿನಿಂದ ಕೊನೆಯವರೆಗೆ 'ಎಲೈ' ಇತ್ತು. ರಾಜ ಮಂತ್ರಿಗೆ ಎಲೈ ಎಂದರೆ ಮಂತ್ರಿ ಭಟನಿಗೆ ಎಲೈ ಎನ್ನುತ್ತಿದ್ದ. ಕೊನೆಯಲ್ಲಿ ಶತ್ರು ಸೇನಾಪತಿ ಕತ್ತಿ ಹಿರಿದು ಬಂದು ಒಂದೂವರೆ ಪುಟ ಒಬ್ಬನೇ ಮಾತಾಡಬೇಕು. ಆ ಪಾತ್ರ ಯಾರದೆಂದು ನಾನು ಹೇಳಬೇಕೆ?

ರಾಜನ ಪಾತ್ರ ಧನ್ಯಕುಮಾರನಿಗೆ ಹೋಯಿತು. ಹಳೇಬೀಡಿನ ಜೈನರ ಹುಡುಗ, ಅರಸೀಕೆರೆಯ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಅತ್ತೆಯ ಬಳಿ ಜರಿಯ ಶಾಲು ಇದ್ದದ್ದೇ ಅವನ ಅರ್ಹತೆ. ಸೂರ್ಯ ಮುಳುಗುವುದರೊಳಗೆ ಅವನ ಊಟ ಮುಗಿಯಬೇಕು, ಅದು ಅವರ ಮನೆಯ ಕಟ್ಟು. ಆದ್ದರಿಂದ ನಾಟಕವನ್ನು ಮಧ್ಯಾಹ್ನ ಮೂರಕ್ಕೆ ಇಟ್ಟರು. ದ್ವಾರಪಾಲಕನ ಪಾತ್ರ ರಂಗಸ್ವಾಮಿಗೆ. ನನ್ನ ತರಗತಿಯವನೇ, ಎತ್ತರದ ಹುಡುಗ, ಲೆಕ್ಕದಲ್ಲಿ ನನಗಿಂತ ಜೋರು. ಅವನಿಗೆ ಇದ್ದದ್ದು ಒಂದೇ ಮಾತು: "ಪ್ರಭೂ, ಶತ್ರು ಸೈನ್ಯವು ಕೋಟೆಯ ಬಾಗಿಲಲ್ಲಿ ನಿಂತಿದೆ." ಅದನ್ನು ಅವನು ಮೊದಲ ದಿನವೇ ಕಲಿತಿದ್ದ. ಹತ್ತೊಂಬತ್ತು ದಿನ ಬಾಕಿ ಉಳಿದವು.

ರೈಲು ನಿಲ್ದಾಣದ ಪಕ್ಕದ ಶಾಲೆಯಾದ್ದರಿಂದ ನಮ್ಮಲ್ಲೊಂದು ಪದ್ಧತಿಯಿತ್ತು. ರೈಲು ಬಂದರೆ ಎಲ್ಲರೂ ಇದ್ದ ಹಾಗೇ ನಿಲ್ಲಬೇಕು. ಪ್ರಾರ್ಥನೆಯಾದರೆ ಕೈಮುಗಿದುಕೊಂಡೇ, ಪಾಠವಾದರೆ ಸೀಮೆಸುಣ್ಣ ಎತ್ತಿಹಿಡಿದೇ. ರೈಲು ಹೋದ ಮೇಲೆ ಬಿಟ್ಟ ಪದದಿಂದ ಮುಂದುವರಿಯಬೇಕು. ಹೊಸದಾಗಿ ಬಂದ ಮೇಷ್ಟರು ಇದನ್ನು ಕಂಡು ಮಕ್ಕಳಿಗೆಲ್ಲ ಏನೋ ಆಯಿತೆಂದು ಗಾಬರಿಯಾದದ್ದುಂಟು. ನಾಟಕಕ್ಕೂ ಅದೇ ನಿಯಮ.

ಈಗ ಮೂರೂ ಮುಕ್ಕಾಲಕ್ಕೆ ಬರುತ್ತೇನೆ. ಸಭೆಯಲ್ಲಿ ಆಗಲೇ ಅರ್ಧ ಜನ ತೂಕಡಿಸುತ್ತಿದ್ದರು. ರಾಜ ಸಿಂಹಾಸನದಲ್ಲಿ ಕೂತಿದ್ದ. ದ್ವಾರಪಾಲಕ ಓಡಿ ಬಂದು ಬಾಯಿ ತೆರೆದ, ಸರಿಯಾಗಿ ಆಗಲೇ ರೈಲು ಬಂತು. ರಂಗಸ್ವಾಮಿ ನಿಯಮದಂತೆ ಕೈ ಎತ್ತಿಕೊಂಡು ನಿಂತ. ಅದು ಗೂಡ್ಸ್ ಗಾಡಿ, ಮುಗಿಯುವಂತೆಯೇ ಕಾಣಲಿಲ್ಲ. ರಾಜನ ಕಣ್ಣು ಕಿಟಕಿಯ ಬಿಸಿಲಿನ ಮೇಲೆ ಹೋಯಿತು. ಊಟದ ಹೊತ್ತು ನೆನಪಾಗಿರಬೇಕು, ಧನ್ಯಕುಮಾರ ನಿಯಮ ಮುರಿದು ಕೂಗಿದ: "ಏನದು? ಬೇಗ ಹೇಳೋ!"

ನಾಟಕದಲ್ಲಿಲ್ಲದ ಪ್ರಶ್ನೆಗೆ ನಾಟಕದ ಉತ್ತರ ಹೊಳೆಯಲಿಲ್ಲವೋ ಏನೋ, ರಂಗಸ್ವಾಮಿ ರೈಲಿಗಿಂತ ಮೇಲೆ ದನಿಯೆತ್ತಿ ಅರಚಿದ:

"ಸೈನ್ಯ ಬಾಗ್ಲಲ್ಲೇ ಐತೆ ಕಣ್ರೀ! ಎದ್ದೇಳಿ ಮ್ಯಾಕೆ!"

ರಾಜ ನಿಜವಾಗಿಯೂ ಎದ್ದ. ಅವನ ಕಿರೀಟ ಬಿತ್ತು. ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಮುದುಕರೊಬ್ಬರು ಎದ್ದು ಬಾಗಿಲ ಕಡೆ ತಿರುಗಿ ನೋಡಿದರು. ಆಮೇಲೆ ಇಡೀ ಸಭೆ ನಕ್ಕಿತು. ಅವಮಾನದ ನಗೆಯಲ್ಲ ಅದು. ಮುಕ್ಕಾಲು ಗಂಟೆಯ ಎಲೈಗಳಾದ ಮೇಲೆ ಮೊದಲ ಸಲ ಅವರಿಗೊಂದು ಮಾತು ಅರ್ಥವಾಗಿತ್ತು. ಹಿಂದಿನಿಂದ ಯಾರೋ "ಹಂಗೆ ಹೇಳ್ಲಾ ಮಗ!" ಎಂದರು. ಫಾದರ್ ಕನ್ನಡಕ ತೆಗೆದು ಕಣ್ಣೀರು ಒರೆಸಿಕೊಂಡು ನಕ್ಕರು. ಆ ನಗೆಯ ನಡುವೆ ಶತ್ರು ಸೇನಾಪತಿ ಕತ್ತಿ ಹಿರಿದು ಪ್ರವೇಶಿಸಿದರು. ಒಂದೂವರೆ ಪುಟವನ್ನೂ ಬಿಡದೆ ಹೇಳಿದರು. ಅದರ ಒಂದು ಸಾಲನ್ನಾದರೂ ಕೇಳಿಸಿಕೊಂಡವರು ಈ ಭೂಮಿಯ ಮೇಲಿಲ್ಲ.

ಪರದೆ ಎಳೆದೆ. ಸುದರ್ಶನಣ್ಣ ನೇರ ರಂಗಸ್ವಾಮಿಯ ಹತ್ತಿರ ಬಂದು ಕೆನ್ನೆಗೆ ಒಂದು ಹೊಡೆದರು. "ಗಮಾರ! ನನ್ನ ನಾಟಕ ಹಾಳು ಮಾಡಿದೆಯಲ್ಲೋ!" ಸ್ಟೋರ್ ರೂಮಿನಿಂದ ಪದಕ ತಂದು ಅವನ ಕೊರಳಿಗೆ ಹಾಕಿದರು. ಆ ವಾರವಷ್ಟೇ ಅದಕ್ಕೆ ಹೊಸ ರೂಪ ಬಂದಿತ್ತು. ರಾಜನ ಕಿರೀಟ ಮಾಡಿ ಮಿಕ್ಕ ಚಿನ್ನದ ಬಣ್ಣದ ಕಾಗದವನ್ನು ರಟ್ಟಿನ ಸುತ್ತ ಅಂಟಿಸಿ, ದಾರದ ಬದಲು ಕೆಂಪು ರಿಬ್ಬನ್ ಕಟ್ಟಿದ್ದೆವು.

ಆಗ ಸ್ಟೋರ್ ರೂಮಿನ ಬಾಗಿಲಿನಿಂದ ರಂಗಸ್ವಾಮಿಯ ತಾಯಿ ಕೆಂಪಮ್ಮ ಒಳಗೆ ಬಂದರು. ಕಣಕಟ್ಟೆಯಿಂದ ಬಸ್ಸಿನಲ್ಲಿ ಬಂದಿದ್ದರು. ಕೈಯಲ್ಲಿ ಎರಡು ಎಳನೀರು.

"ನಾಟ್ಕ ಕಲ್ಸಿದ ಮೇಷ್ಟ್ರು ಯಾರಪ್ಪ?" ಎಂದರು.

ಸುದರ್ಶನಣ್ಣ ಕತ್ತಿ ಬದಿಗಿಟ್ಟು, "ನಾನೇ," ಎಂದರು.

"ಇಷ್ಟ್ ಸಣ್ಣವ್ನಾ? ತಗಳಪ್ಪ, ಬಾಯಾರಿರ್ತದೆ." ಎಳನೀರನ್ನು ಸುದರ್ಶನಣ್ಣ ತಗೊಂಡರು. ಕುಡಿದೂ ಕುಡಿದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಕೆಂಪಮ್ಮ ಮಗನ ಕಡೆ ತಿರುಗಿದರು. "ಏನ್ಲಾ ಇದು, ಕೊರಳಲ್ಲಿ?"

ರಂಗಸ್ವಾಮಿ ರಟ್ಟನ್ನು ನೋಡಿಕೊಂಡ. ಕೆನ್ನೆಯ ಮೇಲೆ ಇನ್ನೂ ಬೆರಳಿನ ಗುರುತಿತ್ತು. "ಬಹುಮಾನ ಕಣವ್ವ."

"ಏನಂತ ಬರ್ದವ್ರೆ?"

"ಚೆನ್ನಾಗ್ ಮಾತಾಡ್ದ ಅಂತ."

ಹುಡುಗರು ಕಿಸಕ್ಕೆಂದರು. ಕೆಂಪಮ್ಮನಿಗೆ ಓದಲು ಬರುತ್ತಿರಲಿಲ್ಲ. ಅವರು ನನ್ನನ್ನು ಕೇಳಿದರು: "ಹಂಗೇ ಬರ್ದೈತೇನಪ್ಪ?"

ನಾನು "ಹೂಂ ಅಮ್ಮ," ಎಂದೆ. ನಾನು ನಗಲಿಲ್ಲ. ಹಗ್ಗದ ಗಂಟನ್ನು ನೋಡುತ್ತಿದ್ದೆ.

ಅವರು ಮಗನ ಕೈ ಹಿಡಿದು ಪರದೆ ಸರಿಸಿ ಫಾದರ್ ಮುಂದೆ ಹೋಗಿ ನಿಂತರು. ಕನ್ನಡಕವಿಲ್ಲದ ಫಾದರ್‌ಗೆ ಚಿನ್ನದ ಬಣ್ಣವಷ್ಟೇ ಕಂಡಿರಬೇಕು. "ಓ, ಪದಕ ಉಂಟಾ? ಒಳ್ಳೆಯದಾಯಿತು, ಒಳ್ಳೆಯದಾಯಿತು," ಎಂದು ಎದ್ದು ನಿಂತು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಸೋಮವಾರದ ಪ್ರಾರ್ಥನೆಯಲ್ಲಿ ಮತ್ತೆ ಹೊಗಳಿದರು. ಆಮೇಲೆ ಆ ರಟ್ಟು ಯಾರ ಕೊರಳಿಗೂ ಬೀಳಲಿಲ್ಲ. ಫಾದರ್ ಅದನ್ನು ಬಹುಮಾನವೆಂದು ಸಾರಿಬಿಟ್ಟಿದ್ದರು; ತಪ್ಪಾಡಿದವರಿಗೆಲ್ಲ ಬಹುಮಾನ ಕೊಡುವುದು ಹೇಗೆ? ಸುದರ್ಶನಣ್ಣ ಕೇಳಿದಾಗಲೆಲ್ಲ ರಂಗಸ್ವಾಮಿ, "ಅವ್ವ ಮಡಿಕ್ಕಂಡವ್ಳೆ, ತತ್ತೀನಿ ಅಣ್ಣ," ಎನ್ನುತ್ತಿದ್ದ. ಒಂದು ದಿನ, "ಇಲಿ ತಿಂದ್ವಂತೆ," ಎಂದ. ಇನ್ನೆಂದೂ ಅವನು ನಾಟಕಕ್ಕೆ ಹೆಸರು ಕೊಡಲಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಬೆರಳೆತ್ತುತ್ತಿರಲಿಲ್ಲ.

ಹೋದ ಭಾನುವಾರ ನಾನು ಕಣಕಟ್ಟೆಗೆ ಹೋದೆ. ರಂಗಸ್ವಾಮಿ ಮನೆಯ ಮುಂದೆಯೇ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ.

"ಏನ್ಲಾ ಸೆಕ್ರೆಟ್ರಿ! ಯಾರ್ ಜಮೀನ್ ಕಿತ್ಕಳಕ್ ಬಂದೆ?" ಎಂದ.

ಲೇಖನ ತೋರಿಸಿದೆ. ಸುತ್ತುತ್ತಿದ್ದ ತಂತಿ ಬಿಡದೆ ಓದಿದ. 'ಮಂದಬುದ್ಧಿ' ಎಂಬಲ್ಲಿ ಕೈ ನಿಂತಿತು. ಮತ್ತೆ ಮೊದಲಿನಿಂದ ಸುತ್ತಬೇಕಾಯಿತು.

"ನನ್ ಕೊನೇ ಮಗ್ಳು ಎಂಟ್ನೇ ಕ್ಲಾಸು. ಅದೇ ಸ್ಕೂಲು," ಎಂದ. "ಪುಸ್ತಕ ಎಲ್ಲಾ ಮಕ್ಳಿಗೂ ಕೊಡ್ತಾರಂತೆ. ಅವ್ರಪ್ಪನ್ ಹೆಸ್ರು ಮೊದ್ಲ್ನೇ ಸಲ ಅಚ್ಚಾಗದು ಹಿಂಗೆ."

"ನಾನು ಸಹಿ ಹಾಕಲ್ಲ. ಆದದ್ದನ್ನ ಆದ ಹಾಗೆ ಬರೀತೀನಿ," ಎಂದೆ.

"ಬರಿ. ಬರ್ದ್ರೆ ಮಗ್ಳು ಅವ್ರಜ್ಜಿಗೆ ಓದಿ ಹೇಳ್ತಾಳೆ. ನಲವತ್ ವರ್ಸದಿಂದ ಅವ್ವ ಅದ್ನ ಬಹುಮಾನ ಅಂತ ನಂಬ್ಕಂಡವ್ಳೆ. ಈಗ ಗೊತ್ತಾಗ್ತದೆ, ಮಗ ಕೆನ್ನೆಗ್ ಹೊಡ್ಸ್ಕಂಡು ಸುಳ್ ಹೇಳಿದ್ದು." ತಂತಿಯ ತುದಿ ಕಚ್ಚಿ ಕತ್ತರಿಸಿದ. "ನೀನೇ ಅಳ್ದು ಹೇಳು. ಯಾವ್ ಕಡೀಗ್ ಗೂಟ ಹೊಡೀತೀಯ?"

ಉತ್ತರ ಜಗಲಿಯ ಮೇಲಿನಿಂದ ಬಂತು. ಕೆಂಪಮ್ಮ ಕಂಬಕ್ಕೊರಗಿ ಅವರೆಕಾಯಿ ಬಿಡಿಸುತ್ತಿದ್ದರು. ಕೇಳಿಸುವುದಿಲ್ಲವೆಂದು ನಾವಿಬ್ಬರೂ ತಿಳಿದಿದ್ದೆವು.

"ಯಾವ್ ಬಹುಮಾನ್ವೋ? ಆ ಮಿಣಮಿಣ ರಟ್ಟಾ? ಅವತ್ತೇ ಒಲೆಗ್ ಹಾಕ್ದೆ."

ರಂಗಸ್ವಾಮಿ ಎದ್ದು ನಿಂತ. "ಇಲಿ ತಿಂದ್ವು ಅಂದಿದ್ದೆ ನೀನು!"

"ಮತ್ತೇನ್ ಅನ್ಲಿ? ಬಹುಮಾನ ಅಂತ ನೀನ್ ಹೇಳ್ದೆ, ಇಲಿ ಅಂತ ನಾನ್ ಹೇಳ್ದೆ."

"ನಿಂಗೆ ಗೊತ್ತಿತ್ತಾ ಅವ್ವ?"

"ಅಕ್ಷರ ಬರಲ್ಲ ಅಂದ್ರೆ ಕಣ್ಣೂ ಇಲ್ವೇನ್ಲಾ? ಕೆನ್ನೆ ಮ್ಯಾಲೆ ಐದ್ ಬೆಳ್ಳು ಇಟ್ಕಂಡು ಯಾವನಾದ್ರೂ ಬಹುಮಾನ ತಗತಾನಾ? ಆ ಹೈಕ್ಳು ನಗ್ತಿದ್ದಿದ್ದು ಕಾಣ್ಲಿಲ್ವಾ?" ಒಂದು ಕಾಯಿ ಸಿಪ್ಪೆ ಬಿಟ್ಟಿತು. "ಅದ್ಕೇ ಆ ಪಾದ್ರಿ ತಾವ ಕರ್ಕಂಡ್ ಹೋಗಿದ್ದು. ನಾಕ್ ಜನ ಬಹುಮಾನ ಅಂದ್ಮೇಲೆ ಅದು ಬಹುಮಾನವೇ ಆಯ್ತಲ್ಲ. ಮನೆಗ್ ತಂದಿದ್ದು ಸುಡಾಕೆ. ಅಲ್ಲೇ ಬಿಟ್ ಬಂದಿದ್ರೆ ಮಾರ್ನೇ ದಿನ ಇನ್ನೊಬ್ರ ಮಗನ್ ಕೊರಳಿಗೆ ಹಾಕ್ತಿದ್ರಿ."

'ಹಾಕ್ತಿದ್ರಿ' ಎಂದದ್ದು ನನ್ನ ಕಡೆ ನೋಡಿ. ನಾನು ತಡವರಿಸಿ, "ಅಮ್ಮ, ನಾನು ಆ ಹುಡುಗರ ಜೊತೆ ನಗಲಿಲ್ಲ. ಹಗ್ಗದ ಹತ್ತಿರ ಬೇರೆ ನಿಂತಿದ್ದೆ," ಎಂದೆ.

"ನಗ್ತಿದ್ದೆ ಕಣಪ್ಪ," ಎಂದರು ಕೆಂಪಮ್ಮ, ಬೈಯುವ ದನಿಯಲ್ಲೇನಲ್ಲ, ತಪ್ಪು ವಿಳಾಸ ತಿದ್ದುವ ಹಾಗೆ. "ಹಾರ್ನಳ್ಳಿ ಹುಡ್ಗ ಅಲ್ವಾ ನೀನು? ಹಗ್ಗ ಹಿಡ್ಕಂಡಿದ್ದೆ, ಸರಿ. ಇನ್ನೊಂದ್ ಕೈಲಿ ಬಾಯಿ ಮುಚ್ಕಂಡಿದ್ದೆ. ಭುಜ ಕುಣೀತಿತ್ತು."

ನಲವತ್ತು ವರ್ಷದಿಂದ ನನ್ನ ಬಲಗೈ ಹಗ್ಗದ ಮೇಲಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಎಡಗೈ ಎಲ್ಲಿತ್ತೆಂದು ಈ ತನಕ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಸುದರ್ಶನಣ್ಣನ ಸುಳ್ಳನ್ನು ಹಿಡಿದುಕೊಡಲು ಹೋದವನು ನಾನು. ಆ ಹೇಸಿಗೆಯಲ್ಲಿ ನನ್ನ ಪಾಲನ್ನೂ ಕೆಂಪಮ್ಮ ಅಳೆದು ಕೈಗೆ ಕೊಟ್ಟರು.

"ಬರೀಲಾ ಅಮ್ಮ?" ಎಂದೆ.

"ಬರಿ. ಅದ್ನೂ ಸೇರ್ಸಿ ಬರಿ," ಎಂದು ಅವರೆಕಾಯಿಯ ಮೊರ ನನ್ನ ಕಡೆ ತಳ್ಳಿದರು. "ಸುಮ್ಕೆ ಕೂತಿದ್ದೀಯಲ್ಲ, ಬಿಡ್ಸು."

ಬಿಡಿಸಿದೆ. ಸೇರಿಸಿ ಬರೆದೂ ಇದ್ದೇನೆ. ಮೇಲೆ 'ನಾನು ನಗಲಿಲ್ಲ' ಎಂದಿರುವುದನ್ನು ನಾನು ಹೊಡೆದುಹಾಕಿಲ್ಲ. ಮಹಜರಿನಲ್ಲಿ ಹೊಡೆದುಹಾಕುವಂತಿಲ್ಲ, ತಪ್ಪನ್ನು ಹಾಗೇ ಬಿಟ್ಟು ಕೆಳಗೆ ತಿದ್ದಬೇಕು. ತಿದ್ದಿದ್ದೇನೆ: ನಕ್ಕಿದ್ದೆ. ಸುದರ್ಶನಣ್ಣ ಕೇಳಿದ ಒಂದು ಸಾಲಿನ ಬದಲು ಇದಿಷ್ಟನ್ನೂ ನೆನಪಿನ ಪುಸ್ತಕದವರಿಗೆ ಕಳಿಸುತ್ತಿದ್ದೇನೆ. ಹಾಕದಿದ್ದರೆ ಬೇರೆ ಕಡೆ ಹಾಕಿಸುತ್ತೇನೆ.

ಫಾದರ್ ಈಗಿಲ್ಲ. ಕಂಡವರಲ್ಲಿ ಇಂದಿಗೂ ಇರುವವರು ಇವರು. ಸುದರ್ಶನ, ಬೇಲೂರು, ಎಲ್ಲರಿಗಿಂತ ಹತ್ತಿರದಿಂದ ಕಂಡವರು, ಅವರ ಕೈ ಅಲ್ಲಿತ್ತು. ಧನ್ಯಕುಮಾರ, ಹಳೇಬೀಡು, ಜರಿಯ ಶಾಲಿನಲ್ಲೇ ಉಪ್ಪಿಟ್ಟು ತಿನ್ನುತ್ತ ಕಂಡೆನೆಂದು ಮೊನ್ನೆ ಫೋನಿನಲ್ಲಿ ಒಪ್ಪಿದ್ದಾನೆ. ರಂಗಸ್ವಾಮಿ, ಕಣಕಟ್ಟೆ, ಸಹಿ ಹಾಕಿದ್ದಾನೆ. ಕೆಂಪಮ್ಮ, ಕಣಕಟ್ಟೆ, ಎಡಗೈ ಹೆಬ್ಬೆಟ್ಟು ಒತ್ತಿದ್ದಾರೆ. ಒತ್ತುವ ಮೊದಲು ಮೊಮ್ಮಗಳ ಕೈಯಲ್ಲಿ ಎರಡು ಸಲ ಓದಿಸಿ ಕೇಳಿದರು.